ಖಾಲಿ ಬಟ್ಟಲಿನ ತೂಕ

"ನೂರ ನಾಲ್ಕಾ?" ಅವನು ಹುಬ್ಬೇರಿಸಿದ. "ಏನ್ರೀ, ಇಲ್ಲದ್ದನ್ನ ಸೃಷ್ಟಿ ಮಾಡಿಬಿಟ್ರಾ?"

ನಾನು ಕ್ಯಾಲ್ಕುಲೇಟರನ್ನು ಅವನ ಮೂಗಿನ ಹತ್ತಿರ ಹಿಡಿದೆ. ಲ್ಯಾಬಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ತೊಂಬತ್ತಾರು ಸರ್ ಎಂದು. ನಮ್ಮ ಬೆಂಚಿನಲ್ಲಿ, ಎಂದರೆ ಕೆಲಸದ ಮೇಜಿನಲ್ಲಿ, ಮಾಡುವುದು ಒಂದೇ ಔಷಧಿ, ಅವನ ಕೈಯಲ್ಲಿ ಅದರ ಇಳುವರಿ ಯಾವಾಗಲೂ ತೊಂಬತ್ತಾರು ಪರ್ಸೆಂಟಿನ ಆಸುಪಾಸು. ಇದು ನಾನೊಬ್ಬಳೇ ಮಾಡಿದ ಮೊದಲ ಬ್ಯಾಚ್. ನೂರ ನಾಲ್ಕು ಬಂತೆಂದು ಕುಣಿಯುವ ಹಾಗಿಲ್ಲ. ಬರಬೇಕಾದ್ದಕ್ಕಿಂತ ಹೆಚ್ಚು ಬಂದಿದ್ದರೆ, ಇರಬಾರದ್ದು ಏನೋ ಅದರಲ್ಲಿ ಇನ್ನೂ ಇದೆ ಎಂದರ್ಥ.

"ಒದ್ದೆ ಇದೆ. ಒಣಗಿಸಿ. ನೀರೂ ತೂಗುತ್ತೆ," ಎಂದು ನಕ್ಕ.

ನಗುವಾಗ ಅವನ ಎಡಗೆನ್ನೆ ಮಾತ್ರ ನಗುತ್ತಿತ್ತು. ಅದನ್ನು ನೋಡಲೆಂದೇ ಬೇಕುಬೇಕೆಂದು ಪೆದ್ದು ಪ್ರಶ್ನೆಗಳನ್ನು ಕೇಳುವ ಮಟ್ಟಕ್ಕೆ ನಾನು ಇಳಿದಿದ್ದೆ. ನಾಚಿಕೆಯೇನೂ ಇರಲಿಲ್ಲ.

ಇದ್ದದ್ದು ಭಯ. ನನಗಿಂತ ಮೊದಲು ಆ ಬೆಂಚಿನಲ್ಲಿ ಅವನ ಹೆಂಡತಿ ಕೆಲಸ ಮಾಡುತ್ತಿದ್ದಳು. ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲವಂತೆ. ಸ್ಟೋರಿನಿಂದ ಇನ್ನೂ ಅವಳ ಅಳತೆಯ ಸಣ್ಣ ಗ್ಲೌಸ್ ಬರುತ್ತಿತ್ತು, ತರಿಸುತ್ತಿದ್ದವನು ಅವನೇ. ನನ್ನ ಕೈಗೆ ಅದು ಹತ್ತುತ್ತಲೇ ಇರಲಿಲ್ಲ. ಕಿಟಕಿಯ ಗಾಜಿನಲ್ಲಿ ನನ್ನ ನೆರಳಿನ ಹಿಂದೆ ಇನ್ನೊಂದು ನೆರಳು ನಿಂತಂತಾಗಿ ಎಷ್ಟೋ ಸಲ ತಿರುಗಿ ನೋಡಿದ್ದೇನೆ. ಮುಖವನ್ನೇ ಕಾಣದ, ಸತ್ತುಹೋದ ಒಬ್ಬಳ ಮೇಲೆ ನನಗೆ ಹೊಟ್ಟೆಕಿಚ್ಚು.

ಅವತ್ತು ಬೆಳಿಗ್ಗೆ ಹೆಡ್ ಮೇಡಂ ಕರೆದು ಕೇಳಿದ್ದರು. "ಮೇಲಿನ ಮಹಡಿಯಲ್ಲಿ ಒಂದು ಬೆಂಚು ಖಾಲಿ ಇದೆ. ಹೋಗ್ತೀಯೋ ಇಲ್ಲೇ ಇರ್ತೀಯೋ, ಸಂಜೆಯೊಳಗೆ ಹೇಳಮ್ಮ." ಅವನು ಒಂದು ಸಲ 'ಇರಿ' ಎಂದರೆ ಇರುವುದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಅವನಿಗೆ ವಿಷಯ ಹೇಳಿದರೆ, "ಮೇಲೆ ಗಾಳಿ ಬೆಳಕು ಚೆನ್ನಾಗಿದೆ," ಎಂದನಲ್ಲ, ಮಹಾನುಭಾವ!

ಪುಡಿಯನ್ನು ಮತ್ತೆ ಓವನ್ನಿನಲ್ಲಿಟ್ಟೆ. ಮಧ್ಯಾಹ್ನ ತೆಗೆದು ತೂಗಿದರೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಒದ್ದೆಯಲ್ಲ.

"ಲಿಮಿಟಿಂಗ್ ಯಾವುದು ಅಂತ ಹಿಡಿದ್ರಿ?" ನನ್ನ ಭುಜದ ಮೇಲಿನಿಂದ ಬಗ್ಗಿ ಕೇಳಿದ.

"ಆಸಿಡ್. ಅದೇ ಮೊದಲು ಖರ್ಚಾಗೋದು. ಇನ್ನೊಂದು ಬೇಕಾದಷ್ಟಿದೆ, ಕೊನೆಗೆ ಉಳಿಯುತ್ತೆ."

"ಸರಿ ಇದೆ. ಮೊದಲು ಮುಗಿಯೋದರ ಮೇಲೇ ಲೆಕ್ಕ." ಅವನ ತೋಳು ನನ್ನ ತೋಳಿಗೆ ತಾಗಿತು. ಇಬ್ಬರೂ ತಕ್ಷಣ ಎಳೆದುಕೊಳ್ಳಲಿಲ್ಲ. ಆಮೇಲೆ ಅವನೇ ಎಳೆದುಕೊಂಡ, ಯಾರೋ ಬಾಗಿಲಲ್ಲಿ ನಿಂತು ಕೆಮ್ಮಿದ ಹಾಗೆ.

ಇನ್ನು ಉಳಿದದ್ದು ಬಟ್ಟಲು. ಪುಡಿಯನ್ನು ಗಾಜಿನ ಬಟ್ಟಲಿನಲ್ಲೇ ಒಣಗಿಸಿ, ಬಟ್ಟಲಿನ ಸಮೇತ ತೂಗಿ, ಖಾಲಿ ಬಟ್ಟಲಿನ ತೂಕವನ್ನು ಕಳೆಯುವುದು ನಮ್ಮ ಬೆಂಚಿನ ಪದ್ಧತಿ. ಆ ಖಾಲಿ ತೂಕವನ್ನು ಅವನು ಬಾಯಿಪಾಠ ಒಪ್ಪಿಸುತ್ತಿದ್ದ, ನಾನು ಕಣ್ಣುಮುಚ್ಚಿಕೊಂಡು ಕಳೆಯುತ್ತಿದ್ದೆ. ಪುಡಿಯನ್ನು ಸೀಸೆಗೆ ಹಾಕಿ, ಬಟ್ಟಲನ್ನು ತೊಳೆದು ಒಣಗಿಸಿ ಬ್ಯಾಲೆನ್ಸ್ ಮೇಲಿಟ್ಟೆ.

"ಸರ್, ಇದು ನೀವು ಹೇಳಿದ್ದಕ್ಕಿಂತ ಭಾರ ಇದೆ."

ಅವನು ಬ್ಯಾಲೆನ್ಸ್ ಎದುರಿನ ಉದ್ದನೆಯ ಆಸನದ ಮೇಲೆ ಕುಸಿದು ಕುಳಿತ.

"ಇದು ಆ ಬಟ್ಟಲಲ್ಲ," ಎಂದ. "ಅದು ಅವಳದ್ದು. ಅವಳು ಹೋದ ಮೇಲೆ ತೊಳೀತಾ ಇದ್ದೆ, ಕೈಜಾರಿ ಬಿತ್ತು. ಇಂಥದ್ದೇ ಇನ್ನೊಂದು ತಂದಿಟ್ಟೆ. ಯಾರಿಗೂ ಹೇಳಲಿಲ್ಲ."

"ತಂದ ಮೇಲೆ ತೂಗಲಿಲ್ವಾ?"

"ತೂಗಬೇಕು ಅಂತ ನನಗೆ ಗೊತ್ತಿಲ್ವೇನ್ರೀ? ಆ ನಂಬರನ್ನ ದಿನಾ ಅವಳು ಹೇಳ್ತಿದ್ಳು, ನಾನು ಕಳೀತಿದ್ದೆ. ಹೊಸ ನಂಬರ್ ಬಂದ್ರೆ ಆ ದನಿ ನಿಂತುಹೋಗುತ್ತೆ ಅನ್ನಿಸ್ತು. ಈಗಲೂ ಕಳೆಯುವಾಗ ಕಿವಿಯಲ್ಲಿ ಅವಳೇ ಹೇಳ್ತಾಳೆ."

ಅವನ ತೊಂಬತ್ತಾರರಲ್ಲೂ ನನ್ನ ನೂರ ನಾಲ್ಕರಲ್ಲೂ ಅವಳೇ ಕೂತಿದ್ದಳು.

"ಬಟ್ಟಲಿನ ಹೆಚ್ಚಿನ ಭಾರವೇ ಏಳು ಪರ್ಸೆಂಟ್. ಹಾಗಾದ್ರೆ ಇನ್ಮೇಲೆ ನೀವು ಎಂಬತ್ತೊಂಬತ್ತು ಸರ್," ಎಂದೆ. ಏನಾದರೂ ಹೇಳದಿದ್ದರೆ ಅತ್ತುಬಿಡುತ್ತಿದ್ದೆ. "ನಾನು ತೊಂಬತ್ತೇಳು. ನಿಮಗಿಂತ ಮೇಲು."

ಅವನು ನಗಲಿಲ್ಲ. ಎದ್ದು ಸೀದಾ ಹೆಡ್ ಮೇಡಂ ಕೋಣೆಗೆ ಹೋದ. ಬಾಗಿಲು ತೆರೆದೇ ಇತ್ತು.

"ಹಳೇ ಬಟ್ಟಲು ಒಡೆದುಹೋಗಿದೆ ಮೇಡಂ. ಅವಳು ತೀರಿಕೊಂಡ ವಾರವೇ." "ಆವತ್ತಿಂದ ನಾನು ಕೊಟ್ಟ ಇಳುವರಿಯೆಲ್ಲ ತಪ್ಪು."

ಅವನ ಬಾಯಲ್ಲಿ 'ತೀರಿಕೊಂಡಳು' ಎಂಬ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೇಡಂ, "ಕೆಲಸಕ್ಕೆ ಕುತ್ತು ತಂದ್ಕೊತಿದ್ದೆಯಲ್ಲಪ್ಪ. ಕೂತು ಎಲ್ಲವನ್ನೂ ತಿದ್ದಿಕೊಡು," ಎಂದರು.

ವಾಪಸ್ ಬಂದವನು ಮತ್ತೆ ಅದೇ ಆಸನದ ಮೇಲೆ ಕುಳಿತು, ನನ್ನನ್ನು ನೋಡದೆ ಮಾತಾಡಿದ. "ಮೇಲೆ ಹೋಗಬೇಡಿ ಅನ್ನೋಕೆ ನನಗೆ ಬಾಯಿಲ್ಲ. ನನ್ನಲ್ಲಿ ಉಳಿದಿರೋದೇ ಸ್ವಲ್ಪ. ನೀವು ಎಷ್ಟು ಪ್ರೀತಿ ಸುರಿದರೂ ನಾನು ಅರ್ಧಕ್ಕೇ ಮುಗಿದುಹೋಗ್ತೀನಿ."

"ಕಡಿಮೆ ಇರೋದನ್ನ ಹಿಡಿದೇ ಅಲ್ವಾ ಲೆಕ್ಕ ಹಾಕೋದು? ನಾನು ಹಾಕಿ ನೋಡಿದ್ದೀನಿ. ಅಷ್ಟು ಬಂದ್ರೆ ನನಗೆ ಸಾಕು."

"ನಿಮ್ಮಲ್ಲಿ ಉಳಿದುಹೋಗುತ್ತಲ್ಲ, ಅದು?"

"ಅದು ನನ್ನ ತಲೆನೋವು. ನಿಮ್ಮನ್ನ ಇಷ್ಟಪಟ್ಟಾಗಿದೆ, ಈಗ ಎಲ್ಲಿಗೆ ಎತ್ತಿಡಲಿ ಹೇಳಿ?"

ಅವನು ಆಗ ನೋಡಿದ. ಕಣ್ಣು ತುಂಬಿತ್ತು. "ಇರಿ," ಎಂದ.

ಬಟ್ಟಲನ್ನು ನಾನು ಆಗಲೇ ತೆಗೆದಿಟ್ಟಿದ್ದೆ. ಬ್ಯಾಲೆನ್ಸಿನ ಗಾಜಿನ ಬಾಗಿಲು ಮುಚ್ಚಿತ್ತು, ಒಳಗೆ ಏನೂ ಇರಲಿಲ್ಲ. ಆದರೂ ಕೊನೆಯ ಅಂಕಿ ಒಂದೇ ಸಮನೆ ಅಲುಗುತ್ತಿತ್ತು. ಇಬ್ಬರೂ ಅದನ್ನೇ ನೋಡಿದೆವು. ಅವನು ಪಕ್ಕದ ಖಾಲಿ ಜಾಗಕ್ಕೆ ತಿರುಗಿ ಮೆಲ್ಲಗೆ, "ಇವರು ಇಲ್ಲೇ ಇರ್ತಾರಂತೆ ಕಣೇ," ಎಂದ.

ನನಗೆ ಓಡಿಹೋಗಬೇಕೆಂದು ಅನ್ನಿಸಿತು. ಆದರೂ ಹತ್ತಿರ ಹೋದೆ.

"ಅಕ್ಕಾ, ನೀವು ಏಳಬೇಡಿ," ಎಂದೆ. "ಸ್ವಲ್ಪ ಸರ್ಕೊಳ್ಳಿ, ಸಾಕು."

ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಆಸನದ ತುದಿಯಲ್ಲಿ ನಾನು ಕುಳಿತೆ.