ಹದಿನೇಳನೇ ನಿಯಮ ಮತ್ತು ಮೆಣಸಿನಕಾಯಿ ಗಾಡಿ

"ಯಾರ ಹಾಕಿದ್ದಿದು?"

ಬೆಳಗಿನ ಏಳು ಗಂಟೆ. ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯ ತುಂಗಾಸಿರಿ ಬಡಾವಣೆಯಲ್ಲಿ ಆ ಹೊತ್ತಿಗೆ ಕೂಗುವ ಹಕ್ಕು ಇದ್ದದ್ದು ಹಾಲಿನವನಿಗೆ ಮಾತ್ರ. ಇವತ್ತು ಆ ಹಕ್ಕನ್ನು ಶಾಹೀನ್ ಕಿತ್ತುಕೊಂಡಿದ್ದಳು.

ಅವಳ ಬಿಳಿ ಛೋಟಾ ಹಾಥಿ ಸರಕುಗಾಡಿಯ ಮುಂದಿನ ಗಾಲಿಗೆ ಹಳದಿ ಬಣ್ಣದ ಕಬ್ಬಿಣದ ಬೀಗ ಬಿದ್ದಿತ್ತು! ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಅಚ್ಚುಕಟ್ಟಾದ ಅಕ್ಷರ: 'ನಿಯಮ 17. ಮೂರು ದಿನ ಮೀರಿ ನಿಂತ ಹೊರಗಿನವರ ವಾಹನ. ನಿಲುಗಡೆ ಶುಲ್ಕ ದಿನಕ್ಕೆ ಇನ್ನೂರು ರೂಪಾಯಿ.'

"ನಾನ ಹಾಕ್ಸೇನಿ."

ತಿರುಗಿದಳು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು, ಮೂಗಿನ ಮೇಲೆ ಕರವಸ್ತ್ರ. ಕರವಸ್ತ್ರದ ಮೇಲೆ ಎರಡು ಕಣ್ಣು.

ಕಣ್ಣು ಚೆಂದ ಇದಾವಲ್ಲ... ಎಂದಿತು ಮನಸ್ಸು. ಶಾಹೀನ್ ಅದಕ್ಕೆ ಅಲ್ಲೇ ಬಾಯಿ ಮುಚ್ಚಿಸಿದಳು.

"ಯಾರ್ರಿ ನೀವು?"

"ಜಹೀರ. ಬಡಾವಣೆ ಸಂಘದ ಸೆಕ್ರೆಟರಿ. ಹೊರಗಿನ ಗಾಡಿ ಮೂರ ದಿನಕ್ಕಿಂತ ಹೆಚ್ಚಿಗೆ ನಿಂದರಂಗಿಲ್ರಿ."

"ಹೊರಗಿನ ಗಾಡಿ? ಇದು ನಮ್ಮ ನಾನಿ ಮನಿ! ಜೈತೂನಬಿ ಮೊಮ್ಮಗಳು ನಾನು!"

"ನಿಮ್ಮ ಹೆಸರು ಆ ಮನಿ ರೇಷನ್ ಕಾರ್ಡಿನಾಗ ಇಲ್ಲಲ್ರಿ. ಹೆಸರು ಇಲ್ದವರು ಅತಿಥಿಗಳು."

"ನಾನಿ ಸೊಂಟ ಮುರಕೊಂಡ ಬಿದ್ದಾಗ ಕಾರ್ಡ್ ಬಂದು ನೀರ ಕೊಡ್ತೇನ್ರಿ?"

ಕರವಸ್ತ್ರ ಇನ್ನಷ್ಟು ಬಿಗಿಯಾಯಿತು. ಜಹೀರ ಒಂದು ಹೆಜ್ಜೆ ಹಿಂದೆ ಸರಿದ.

ಶಾಹೀನಳಿಗೆ ಚುರುಕ್ಕೆಂದದ್ದು ಬೀಗಕ್ಕಲ್ಲ, ಆ ಒಂದು ಹೆಜ್ಜೆಗೆ. ಗಾಡಿ ಓಡಿಸುವ ಹೆಣ್ಣು, ಮೈಮೇಲೆ ಹಳೆಯ ಚೂಡಿದಾರ... ಹತ್ತಿರ ನಿಂತರೆ ಇವನ ಅಂಗಿಗೆ ಮೈಲಿಗೆಯಾಗುತ್ತದೆಯೆ?

"ರೊಕ್ಕ ಕೊಡಂಗಿಲ್ಲ. ಕೊಟ್ರ ನಾನು ಹೊರಗಿನಾಕಿ ಅಂತ ಒಪ್ಪಿಕೊಂಡಂಗ ಆಗತೈತಿ."

"ಹಂಗಾದ್ರ ತಕರಾರ ಅರ್ಜಿ ಬರೀರಿ. ಸಭಾದಾಗ ಫೈಸಲಾ ಆಗೂಮಟ ಬೀಗ ತಗೀತೇನಿ. ನಿಯಮ 22."

ತನಗೇ ಏಟು ಕೊಡಲು ಬೇಕಾದ ಕಾಗದವನ್ನು ತಾನೇ ಫೈಲಿನಿಂದ ತೆಗೆದು ಕೊಟ್ಟ. ಪೆನ್ನನ್ನೂ ಕೊಟ್ಟ. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡುವುದೂ ಸುಲಭವಲ್ಲ. ಆದರೆ ಶಾಹೀನ್ ಕಷ್ಟಪಟ್ಟು ಮಾಡಿದಳು.

ಶಾಹೀನಳದು ಬ್ಯಾಡಗಿ. ಅಲ್ಲಿ ಹೆಂಗಸರಿಂದ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಚೀಲ ತುಂಬಿ, ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳ ಖಾನಾವಳಿಗಳಿಗೆ ತಾನೇ ಮುಟ್ಟಿಸುತ್ತಿದ್ದಳು. ತಿಂಗಳ ಹಿಂದೆ ನಾನಿ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಬಿಡಾರ ಇಲ್ಲಿಗೇ ಬಂದಿತ್ತು, ಗಾಡಿಯ ಸಮೇತ. ಒಮ್ಮೆ ಹೊರಗಿನ ರಸ್ತೆಯಲ್ಲಿ ನಿಲ್ಲಿಸಿ ನೋಡಿದ್ದಳು. ಬೆಳಗಾಗುವುದರಲ್ಲಿ ಎರಡು ಚೀಲ ಮಾಯ. ಗಾಡಿಗೆ ಇಲ್ಲಿ ಜಾಗವಿಲ್ಲವೆಂದರೆ ಅವಳಿಗೂ ಇಲ್ಲ. ಅವಳು ಬ್ಯಾಡಗಿಗೆ ಮರಳಿದರೆ ನಾನಿಯನ್ನು ಎಬ್ಬಿಸಿ ಕೂರಿಸುವವರು ಯಾರು?

ಅರ್ಜಿ ಕೊಟ್ಟಳು. ಮರುದಿನ ಜಹೀರ ಉತ್ತರ ತಂದ. ಅವಳು ಉತ್ತರಕ್ಕೆ ಉತ್ತರ ಬರೆದಳು. ಅವನು ಅದಕ್ಕೂ ತಂದ. ಅಂಚೆಯವರೂ ಇಷ್ಟು ನಿಷ್ಠೆಯಿಂದ ಒಂದೇ ಬಾಗಿಲಿಗೆ ಬರುವುದಿಲ್ಲ.

ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಅವನ ಕೆಲಸ. ನೂರು ಬೀಜ ಬಿತ್ತಿ ಎಷ್ಟು ಮೊಳೆತವೆಂದು ಎಣಿಸುವ ತಾಳ್ಮೆಯವನು. ಆ ತಾಳ್ಮೆಯೇ ಅವಳ ನೆಮ್ಮದಿ ಕೆಡಿಸಿತು. ಎಷ್ಟು ಬೈದರೂ "ಖರೇ ಐತ್ರಿ, ಬರಕೊಂಡೇನಿ" ಎನ್ನುತ್ತಿದ್ದ. ನಾನಿಗೆ "ಹೆಂಗದೀರಿ ಖಾಲಾ?" ಎಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದ. ಮತ್ತು ಪ್ರತಿ ಸಲವೂ... ಆ ಕರವಸ್ತ್ರ!

ಆರನೆಯ ದಿನ ಅವಳಿಗೆ ತಡೆಯಲಾಗಲಿಲ್ಲ.

"ನಮ್ಮ ಹತ್ರ ನಿಂತ್ರ ವಾಸನಿ ಬರತೈತೇನ್ರಿ ನಿಮಗ?"

ಜಹೀರನ ಕಣ್ಣಲ್ಲಿ ನೀರು ತುಂಬಿತು. ಏನೋ ಹೇಳಲು ಹೋದ. ಹೇಳದೆ ಸರಸರ ನಡೆದುಬಿಟ್ಟ.

ಉತ್ತರ ಕೊಡುವಷ್ಟು ಮರ್ಯಾದೆಯೂ ಇಲ್ಲ! ಅಂದು ಹಾವೇರಿಗೆ ಹೋದವಳು ಮಾಲು ಕೊಡಬೇಕಾದ ಖಾನಾವಳಿಯನ್ನು ದಾಟಿ ಎರಡು ಸಲ ಮುಂದೆ ಹೋದಳು. ಸ್ಟೇರಿಂಗ್ ಮೇಲೆ ಬೆರಳು ಕುಟ್ಟುತ್ತಲೇ ಇದ್ದವು. ನಾನ್ಯಾಕ ಇಷ್ಟ ಮನಸ್ಸಿಗೆ ಹಚ್ಚಿಕೊಂಡೇನಿ? ಯಾರಂವ ನನಗ? ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಬೇಡವಾಗಿತ್ತು, ಅಷ್ಟೆ.

ಗೆಲ್ಲಲೇಬೇಕೆಂದು ಮರುದಿನ ನಗರಸಭೆಗೆ ಹೋದಳು. ಈ ಬಡಾವಣೆಯ ರಸ್ತೆ ಯಾರದು? ಗುಮಾಸ್ತೆ ಕಡತ ತಿರುವಿ ಹೇಳಿದಳು:

"ನಾಕ ವರ್ಷದ ಹಿಂದನ ರಸ್ತೆ, ಉದ್ಯಾನ ಎಲ್ಲಾ ನಗರಸಭೆಗೆ ಒಪ್ಪಿಸ್ಯಾರವಾ. ಅದು ಸಾರ್ವಜನಿಕ ರಸ್ತೆ. ಅಲ್ಲಿ ಸಂಘದವರು ಶುಲ್ಕ ವಸೂಲಿ ಮಾಡಾಕ ಬರಂಗಿಲ್ಲ."

ಶಾಹೀನಳಿಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿದಳು.

"ಏನ ಐತಿ ಈ ರಸ್ತ್ಯಾಗ? ಮೊನ್ನೆ ನಿಮ್ಮ ಸೆಕ್ರೆಟರಿನೂ ಇದನ್ನ ಕೇಳಾಕ ಬಂದಿದ್ರು."

ಕುಣಿತ ಅಲ್ಲಿಗೇ ನಿಂತಿತು.

ಮೊನ್ನೆ? ಅಂದರೆ ಅವನಿಗೆ ಗೊತ್ತು! ಗೊತ್ತಿದ್ದೂ ನಿನ್ನೆ ಅದೇ ಹದಿನೇಳನೇ ನಿಯಮದ ಉತ್ತರ ಹಿಡಿದು ಬಾಗಿಲಿಗೆ ಬಂದಿದ್ದ! ಇಷ್ಟು ದಿನ ಅವನನ್ನು ಸೊಕ್ಕಿನವನು ಎಂದುಕೊಂಡಿದ್ದಳು. ಮೋಸಗಾರ ಎಂದುಕೊಂಡಿರಲಿಲ್ಲ. ಸೊಕ್ಕಿನವನನ್ನು ದ್ವೇಷಿಸುವಾಗ ಇಲ್ಲದ ನೋವು ಇಲ್ಲಿ ಎಲ್ಲಿಂದ ಬಂತು?

ರಸ್ತೆ ಒಪ್ಪಿಸಿದ ಕಾಗದದ ಮೊಹರಿಲ್ಲದ ಪ್ರತಿಯೊಂದನ್ನು ಗುಮಾಸ್ತೆಯಿಂದ ಪಡೆದು ಚೀಲಕ್ಕೆ ಹಾಕಿಕೊಂಡಳು. ಭಾನುವಾರ ಸಭೆ. ಅಧ್ಯಕ್ಷ ಭರಮಣ್ಣ, ನಿವೃತ್ತ ಹೆಡ್‌ಮಾಸ್ತರರು, ಗಾಡಿಯನ್ನು ಬಡಾವಣೆಯಿಂದಲೇ ಹೊರಹಾಕುವ ಠರಾವು ತರಲಿದ್ದರು. ಎಲ್ಲರ ಮುಂದೆ ಇದನ್ನು ಬಿಚ್ಚುತ್ತೇನೆ. ಆ ಕಣ್ಣುಗಳು ಆಗ ಎಲ್ಲಿ ನೋಡುತ್ತವೆ, ನೋಡೋಣ!

ಶನಿವಾರ ಮಧ್ಯಾಹ್ನ ಬ್ಯಾಡಗಿಯಿಂದ ಮಾಲು ತುಂಬಿಕೊಂಡು ಬಂದವಳು ನಾನಿಗೆ ದಿಂಬು ಸರಿಮಾಡಲು ಬಾಗಿದಳು. ಜೈತೂನಬಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಶಾಹೀನ್ ನಿಂತಲ್ಲೇ ನಿಂತಳು.

"ನೀನೂ ನನ್ನ ಕಂಡ್ರ ಮೂಗು ಮುಚ್ಚತಿ, ನಾನಿ?"

"ನಿನ್ನ ಕಂಡಲ್ಲ ಹುಚ್ಚಿ... ಆಂಕ್ಷೀ! ...ನಿನ್ನ ಮೈಮ್ಯಾಲಿನ ಘಾಟು! ತಿಂಗಳಾತು ತಡಕೊಂಡೇನಿ. ಸೀನಿದ್ರ ಸೊಂಟ ಜಗ್ಗತೈತಿ. ಹೇಳಿದ್ರ ಎಲ್ಲಿ ಬ್ಯಾಸರ ಮಾಡಕೊಂತಿ ಅಂತ..."

"ಘಾಟಾ? ಎಲ್ಲಿ ಐತಿ ಘಾಟು?"

"ಬ್ಯಾಡಗ್ಯಾಗ ಹುಟ್ಟಿದ ಮೂಗಿಗೆ ಅದೆಲ್ಲಿ ಗೊತ್ತಾಗಬೇಕು! ನಾನೂ ಬ್ಯಾಡಗಿಂದ ಲಗ್ನ ಆಗಿ ಈ ಊರಿಗೆ ಬಂದಾಗ ನನ್ನ ಟ್ರಂಕ್ ತಗದಕೂಡ್ಲೆ ಇಡೀ ಗಂಡನ ಮನಿ ಸೀನಿತ್ತು. ನನ್ನ ಕಂಡ ನಗತಾರ ಅಂತ ತಿಳದು ಎಂಟ ದಿನ ಅತ್ತೆ."

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಅದು ನಾಲಿಗೆಯ ಲೆಕ್ಕ. ಧೂಳಿಗೆ ಆ ಲೆಕ್ಕ ಗೊತ್ತಿಲ್ಲ.

ಶಾಹೀನ್ ಮೆಲ್ಲಗೆ ಕುಳಿತಳು. ಹಿಂದೆ ಸರಿದ ಆ ಹೆಜ್ಜೆ. ನೀರು ತುಂಬಿದ ಕಣ್ಣು. ಉತ್ತರವಿಲ್ಲದೆ ಓಡಿದ್ದು... ಯಾ ಅಲ್ಲಾ!

"ಬಾಜೂ ಮನ್ಯಾವರು ನಿನ್ನ ಗಾಡಿಂದ ಸೀನಿ ಸಾಯಾಕತ್ತೇವಿ ಅಂತ ಬರದ ಕೊಟ್ಟಾರಂತ," ನಾನಿ ಹೇಳುತ್ತಲೇ ಇದ್ದಳು. "ಅದನ್ನ ಈ ಜಹೀರ ನಿನಗ ತೋರ್ಸಿಲ್ಲ. ಹೆಣಮಗಳು, ನೊಂದಕೊಂತಾಳ, ಬರೇ ನಿಯಮ ಹೇಳಿದ್ರ ಸಾಕು ಅಂದನಂತ."

ಶಾಹೀನ್ ಎದ್ದು ಕಿಟಕಿಗೆ ಹೋದಳು. ಬಂದಳು. ಮತ್ತೆ ಹೋದಳು. ಕರವಸ್ತ್ರದ ವಿಷಯದಲ್ಲಿ ತಪ್ಪು ತನ್ನದು, ಒಪ್ಪಿದಳು. ಆದರೆ ನಗರಸಭೆಯ ಆ ವಿಷಯ? ಅದನ್ನೇಕೆ ಮುಚ್ಚಿಟ್ಟ? ಒಬ್ಬನೇ ಮನುಷ್ಯ ಇಷ್ಟು ಒಳ್ಳೆಯವನೂ ಅಷ್ಟು ಕೆಟ್ಟವನೂ ಆಗಲು ಹೇಗೆ ಸಾಧ್ಯ?

ಭಾನುವಾರ ಹತ್ತೂವರೆ. ಉದ್ಯಾನದ ತಗಡಿನ ಚಪ್ಪರದಲ್ಲಿ ಮೂವತ್ತು ಪ್ಲಾಸ್ಟಿಕ್ ಕುರ್ಚಿ. ಶಾಹೀನ್ ಕೊನೆಯ ಸಾಲಿನಲ್ಲಿ ಕುಳಿತಳು. ಮಡಿಲಲ್ಲಿ ಚೀಲ, ಚೀಲದಲ್ಲಿ ಕಾಗದ, ಕಾಗದದ ಮೇಲೆ ಕೈ.

"ಸೆಕ್ರೆಟರಿ, ಠರಾವು ಓದ್ರಿ," ಎಂದರು ಭರಮಣ್ಣ.

ಜಹೀರ ಎದ್ದ. ಕೈಯಲ್ಲಿ ಕರವಸ್ತ್ರವಿರಲಿಲ್ಲ. ಬಾಯಿ ತೆರೆದ... ಮುಂದಿನ ಸಾಲಿನ ಕುರ್ಚಿಗಳು ಅಲುಗಾಡುವಂತೆ ಸೀನಿದ!

"ಅಲ್ಹಮ್ದುಲಿಲ್ಲಾ," ಎಂದ, ತಗ್ಗಿದ ದನಿಯಲ್ಲಿ.

"ಯರ್ಹಮುಕಲ್ಲಾ," ಎಂದಿತು ಕೊನೆಯ ಸಾಲು.

ಶಾಹೀನ್ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು. ಸೀನಿದವನು ದೇವರನ್ನು ನೆನೆದರೆ ಕೇಳಿದವರು ಅವನಿಗೆ ದಯೆ ಬೇಡಬೇಕು. ಚಿಕ್ಕಂದಿನಿಂದ ನಾಲಿಗೆಗೆ ಅಂಟಿದ್ದು. ಎದುರಾಳಿಗೆ ರಿಯಾಯಿತಿ ಇದೆಯೆ ಎಂದು ನಾಲಿಗೆ ಕೇಳಿಕೊಂಡಿರಲಿಲ್ಲ.

"ಏನಂದ್ಳ್ರಿ ಆಕಿ?" ಭರಮಣ್ಣ ಕಿವಿಗೆ ಕೈಹಿಡಿದರು.

"ನನ್ನ ಮ್ಯಾಲ ದೇವರ ದಯಾ ಇರ್ಲಿ ಅಂದ್ರು, ಸರ್."

"ತಕರಾರ ಮಾಡಿದಾಕಿನ ಹಂಗಂದ್ರ ನಾವು ಯಾರ ಪರವಾಗಿ ಜಗಳಾಡೂದು?" ಸಭೆ ನಕ್ಕಿತು. "ಇರ್ಲಿ, ಸುರುವಿಗೆ ಸೀನು ಬಿದ್ದೈತಿ. ಐದ ನಿಮಿಷ ಸುಮ್ಮ ಕುಂತು ಆಮ್ಯಾಲೆ ಓದೂಣು."

ನಲವತ್ತು ವರ್ಷ ವಿಜ್ಞಾನ ಕಲಿಸಿದ ಮಾಸ್ತರರು ಗಡಿಯಾರ ನೋಡುತ್ತ ಕುಳಿತರು. ಶಾಹೀನಳ ಬದುಕಿನ ಅತಿ ಉದ್ದದ ಐದು ನಿಮಿಷ. ಜಹೀರ ಒಮ್ಮೆ ಅವಳತ್ತ ನೋಡಿದ. ಈಗಲೇ ಎದ್ದು ಕಾಗದ ಓದಿಬಿಡಲೆ? ಕೈ ಚೀಲದೊಳಗೆ ಹೋಯಿತು. ಹೊರಗೆ ಬರಲಿಲ್ಲ. ಒಂದು ಅವಕಾಶ... ಒಂದೇ ಒಂದು, ಎಂದಿತು ಮನಸ್ಸು. ಈ ಸಲ ಅದರ ಬಾಯಿ ಮುಚ್ಚಿಸಲು ಅವಳಿಗೆ ಆಗಲಿಲ್ಲ.

ಜಹೀರ ಎದ್ದು ನಿಂತ. ಫೈಲಿನಿಂದ ತೆಗೆದ ಕಾಗದದ ಕೆಳಗೆ ನೇರಳೆ ಬಣ್ಣದ ಮೊಹರು.

"ಠರಾವಿನ ಮೊದ್ಲು ಇದನ್ನ ಓದತೇನ್ರಿ. ನಮ್ಮ ಬಡಾವಣೆ ರಸ್ತೆ ನಾಕ ವರ್ಷದ ಹಿಂದನ ನಗರಸಭೆಗೆ ಹೋಗೈತಿ. ಅದರ ಮ್ಯಾಲ ಶುಲ್ಕ ಹಾಕಾಕ, ಬೀಗ ಹಾಕಾಕ ನಮಗ ಹಕ್ಕಿಲ್ಲ. ಹದಿನೇಳನೇ ನಿಯಮ ತಪ್ಪು. ಬರದಾಂವ ನಾನ."

ಚಪ್ಪರದಲ್ಲಿ ಗದ್ದಲ. ಭರಮಣ್ಣ ಮೇಜು ಕುಟ್ಟಿದರು.

"ಯಾವಾಗ ಗೊತ್ತಾತು ಇದು?"

"ಬುಧವಾರ. ಆದ್ರ ಬರೇ ಬಾಯಿಮಾತು ತಂದ್ರ ನೀವು ಒಪ್ಪಂಗಿಲ್ಲ ಸರ್. ಮೊಹರಿನ ಕಾಗದ ನಿನ್ನೆ ಸಂಜಿ ಐದಕ್ಕ ಕೈಗೆ ಬಂತು."

"ಸೆಕ್ರೆಟರಿ ಆಗಿ ಸಂಘದ ವಿರುದ್ಧನ ಕಾಗದ ತರ್ತೀರಿ?"

"ಗೊತ್ತಾದ ಮ್ಯಾಲೂ ಮುಚ್ಚಿಟ್ರ ಅದು ದಬ್ಬಾಳಿಕಿ ಆಗತೈತ್ರಿ. ನನ್ನ ರಾಜೀನಾಮೆ ಇದರ ಹಿಂದ ಐತಿ, ನೋಡ್ರಿ."

ಶಾಹೀನಳ ಕಣ್ಣು ಉರಿಯಿತು. ಮೆಣಸಿನಕಾಯಿಗೆ ಎಂದೂ ಉರಿಯದ ಕಣ್ಣು!

ಅವಳು ಎದ್ದಳು. ಚೀಲದ ಕಾಗದ ಚೀಲದಲ್ಲೇ ಉಳಿಯಿತು.

"ಮಾಸ್ತರ್ರ, ಒಂದ ಮಾತು. ರಸ್ತೆ ಎಲ್ಲಾರದೂ ಇರಬೋದು, ಮೂಗು ನಿಮ್ಮ ನಿಮ್ಮದ. ನನ್ನ ಚೀಲದಿಂದ ನಿಮಗ ತ್ರಾಸ ಆಗೂದು ನನಗ ಖರೇನ ಗೊತ್ತಿರಲಿಲ್ಲ. ಇನ್ನ ಮ್ಯಾಲೆ ಉಳದ ಮಾಲು ಬ್ಯಾಡಗಿ ಕೋಲ್ಡ್ ಸ್ಟೋರೇಜಿನಾಗ ಇಳಿಸಿ, ಗಾಡಿ ತೊಳದ ತರ್ತೇನಿ. ಆದ್ರ ನನ್ನ ಹೊರಗಿನಾಕಿ ಅನಬ್ಯಾಡ್ರಿ."

ಭರಮಣ್ಣ ಸಭೆಯತ್ತ ತಿರುಗಿದರು.

"ಇದನ್ನ ಮೊದ್ಲ ದಿನ ಯಾರರ ಆಕಿಗೆ ಹೇಳಿದ್ರ ಇಷ್ಟ ಕಾಗದ ಖರ್ಚ ಆಗತಿತ್ತೇನ್ರಿ? ಜೈತೂನಬಿ ಮೊಮ್ಮಗಳು ಅಂದ್ರ ನಮ್ಮ ಬಡಾವಣೆ ಮಗಳ. ಬರಕೋರಿ."

ಬರೆದುಕೊಳ್ಳಲು ಸೆಕ್ರೆಟರಿ ಇರಲಿಲ್ಲ. ಆಗಲೇ ಹೊರಗೆ ಹೋಗಿದ್ದ.

ಶಾಹೀನ್ ಹೆಚ್ಚುಕಡಿಮೆ ಓಡಿದಳು. ಜಹೀರ ಅವಳ ಗಾಡಿಯ ಹತ್ತಿರ ನಿಂತು ಗಾಜಿನ ಮೇಲಿನ ಹಳೆಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದ. ಅಂಟು ಚೆನ್ನಾಗಿಯೇ ಹಚ್ಚಿದ್ದ.

"ಘಾಟು ಬಡೀತೈತಿ ಅಂತ ನನಗ ಯಾಕ ಹೇಳ್ಲಿಲ್ರಿ? ನಿಮಗ ಎಷ್ಟ ಬೈದೆ ನಾನು!"

"ಹೇಳಾಕ ಕರವಸ್ತ್ರ ಸರಿಸಿದ್ರ ಸೀನು ಬರತಿತ್ತು." ಅವನು ತಲೆ ತಗ್ಗಿಸಿದ. "ಮೊದಲ ಮಾತಿಗೆ ಸೀನಿದ್ರ ಆ ಕೆಲಸ ಆಗಂಗಿಲ್ಲ ಅಂತ ಮಾಸ್ತರ್ರು ಹೇಳ್ತಿರ್ತಾರ. ನಾನು ನಂಬಂಗಿಲ್ಲ... ಆದ್ರ ನಿಮ್ಮ ವಿಷಯದಾಗ ಪರೀಕ್ಷಾ ಮಾಡಿ ನೋಡಾಕ ಧೈರ್ಯ ಆಗ್ಲಿಲ್ಲ."

ಶಾಹೀನ್ ಒಂದು ಹೆಜ್ಜೆ ಹತ್ತಿರ ಬಂದಳು.

"ಯಾವ ಕೆಲಸ?"

ಉತ್ತರಕ್ಕೆ ಅವನು ಗಾಜು ಕೆರೆದ. ಕಿವಿ ಕೆಂಪಗಾಗಿದ್ದವು.

"ಆ ಕಾಗದ ನನ್ನ ಹತ್ರನೂ ಇತ್ತು," ಎಂದಳು ಅವಳು. "ನೀವು ಮುಚ್ಚಿಟ್ಟೀರಿ ಅಂತ ತಿಳಕೊಂಡಿದ್ದೆ. ಮಾಫ್ ಮಾಡ್ರಿ."

"ಮತ್ತ ಸಭಾದಾಗ ಯಾಕ ತಗೀಲಿಲ್ಲ?"

"ನೀವ ಓದಬೇಕು ಅಂತ ಕಾದೆ. ಓದದಿದ್ರ... ಓದದಿದ್ರ ಇವತ್ತ ಗಾಡಿ ಹತ್ತಿ ಹೋಗೇಬಿಡತಿದ್ದೆ, ಗೆದ್ರೂ ಸೈತ."

ಜಹೀರ ಕೈ ನಿಲ್ಲಿಸಿ ಅವಳನ್ನು ನೋಡಿದ. ಮಧ್ಯೆ ಫೈಲಿಲ್ಲ, ನೋಟೀಸಿಲ್ಲ. ಇಬ್ಬರಿಗೂ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ಇನ್ನ ನಿಮ್ಮ ಬಾಗಲಕ್ಕ ದಿನಾ ಬರಾಕ ನನ್ನ ಹತ್ರ ಒಂದ ನೆಪಾನೂ ಉಳೀಲಿಲ್ಲ," ಎಂದ ಕೊನೆಗೆ. "ಅದಕ್ಕ... ನಮ್ಮ ಅಮ್ಮಿನ ಜೈತೂನ ಖಾಲಾ ಹತ್ರ ಕಳಸಲೇನು? ನಿಮ್ಮನ್ನ ಕೇಳಾಕ. ನೀವು ಬ್ಯಾಡ ಅಂದ್ರ ಕಳಸಂಗಿಲ್ಲ."

ಶಾಹೀನ್ ಓಡಿಸಿದ ಗಾಡಿಗಳಲ್ಲಿ ಯಾವುದಕ್ಕೂ ಎಂದೂ ಇಷ್ಟು ಹಠಾತ್ತಾಗಿ ಬ್ರೇಕ್ ಬಿದ್ದಿರಲಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನಿ ಮಧ್ಯಾಹ್ನ ಮಲಗತಾಳ," ಎಂದಳು. "ಐದಕ್ಕ ಕರಕೊಂಡ ಬರ್ರಿ."

"ಇವತ್ತ?!"

"ಮತ್ತ? ನಾಳಿಗಂದ್ರ ಅಷ್ಟರಾಗ ಇನ್ನೊಂದ ನಿಯಮ ಬರದ ಕುಂತಿರ್ತೀರಿ ನೀವು."