ಕಿಲಿಮಂಜಾರೋಗೆ ಹೊರಟವಳು

ವಾಣಿಶ್ರೀ ಬ್ಯಾಗಿನ ಮೇಲೆ ಹತ್ತಿ ಕೂತು ಝಿಪ್ ಎಳೆಯುತ್ತಿದ್ದಾಗಲೇ ಕೊಟ್ರೇಶ್ ಬಾಗಿಲಲ್ಲಿ ಬಂದು ನಿಂತ.

ಅವಳ ಕೂದಲು ಕೆದರಿತ್ತು. ಕಾಲಲ್ಲಿ ದಪ್ಪನೆಯ ಟ್ರೆಕ್ಕಿಂಗ್ ಶೂ. ತಿಂಗಳ ಹಿಂದೆ ತಾನು ಹೆಣ್ಣು ನೋಡಲು ಬಂದಾಗ ರೇಷ್ಮೆ ಸೀರೆಯುಟ್ಟು ಉಪ್ಪಿಟ್ಟು ಕೊಟ್ಟವಳು ಇವಳೇನಾ ಎಂಬಂತೆ ನೋಡಿದ. ಶೂವಿನಿಂದ ಶುರುವಾದ ನೋಟ ಮುಖಕ್ಕೆ ಬಂದು ಅಲ್ಲೇ ಉಳಿಯಿತು.

ಅವಳಿಗೆ ರೇಗಿತು. ನಿನ್ನೆ ತಾನೇ ಹರಿಹರದಿಂದ ಅವನ ದೊಡ್ಡಪ್ಪ ಉಜ್ಜನಪ್ಪನವರು ಫೋನ್ ಮಾಡಿದ್ದರು. ಆಫ್ರಿಕಾದ ಗುಡ್ಡ ಹತ್ತುವ ಹುಚ್ಚು ಬಿಟ್ಟರೆ ಮಾತ್ರ ನಿಶ್ಚಿತಾರ್ಥವಂತೆ! ದಾವಣಗೆರೆಯವರ ಮಂಡಿನೋವಿಗೆಲ್ಲ ಫಿಸಿಯೋಥೆರಪಿ ಮಾಡುತ್ತಲೇ, ತನ್ನ ಮಂಡಿಗಳನ್ನು ಕಿಲಿಮಂಜಾರೋಗೆಂದು ಹದಗೊಳಿಸಿಕೊಂಡವಳು ಅವಳು. ಬಿಡುವ ಮಾತೇ ಇರಲಿಲ್ಲ. ಆದರೆ ಈ ಹುಡುಗನನ್ನು ಬಿಡಲೂ ಮನಸ್ಸಿರಲಿಲ್ಲ.

"ಹೋಗಬ್ಯಾಡ ಅಂತ ಹೇಳಕ್ಕೆ ಬಂದಿದ್ರೆ, ಕಾಫಿ ಕುಡಿದು ಹೊರಡ್ರಿ. ನಾನು ಹೋಗೋಳೇ."

"ಮೊದ್ಲು ಕೆಳಗೆ ಇಳೀರಿ, ಝಿಪ್ ಕಿತ್ತು ಬರ್ತೈತೆ." ಕೊಟ್ರೇಶ್ ನೆಲದ ಮೇಲೆ ಕೂತು ಬ್ಯಾಗ್ ಎತ್ತಲು ನೋಡಿದ. ಅದು ಅಲುಗಲಿಲ್ಲ. "ಅಲ್ಲಿ ಇದನ್ನ ಹೊರೋದು ಮನುಷ್ಯರೋ, ಲಾರಿನೋ?"

ತೆರೆದು ನೋಡಿದರೆ ಜಾಕೆಟ್ಟಿನಡಿ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ಬಾಟಲಿ. ತಳದಲ್ಲಿ ಪುಟ್ಟ ಕುಕ್ಕರ್!

"ಅವ್ವಾ!" ವಾಣಿಶ್ರೀ ಕೂಗಿದಳು.

"ಹಿಮದಾಗೆ ನಿಂಗೆ ಯಾರು ಅನ್ನ ಮಾಡಿ ಹಾಕ್ತಾರೆ? ಅದನ್ನ ತೆಗೆದ್ರೆ ನೋಡು!" ಅಡುಗೆಮನೆಯಿಂದ ಶಾಂತಕುಮಾರಿ ಗದರಿದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗು ನುಂಗಿದರು. ಕೊಟ್ರೇಶ್ ಸದ್ದಿಲ್ಲದೆ ಕುಕ್ಕರನ್ನು ಮಂಚದಡಿ ಸರಿಸಿದ. ಉಣ್ಣೆಯ ಕಾಲುಚೀಲ ಮಡಚುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ತಕ್ಷಣ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನಿಮ್ಮ ದೊಡ್ಡಪ್ಪ..." ಎಂದಳು.

"ಅವರು ಫೋನ್ ಮಾಡಿದ್ದು ಇವತ್ತು ಗೊತ್ತಾತು. ಉತ್ತರ ಕೊಟ್ಟು, ಅಂಗಡಿ ಬಾಗ್ಲೂ ತೆಗೀದೆ ಬಂದೆ."

"ಏನಂದ್ರಿ?"

"ನಾಳೆ ಹೇಳ್ತೀನಿ. ಬೆಳಿಗ್ಗೆ ಬಾತಿ ಗುಡ್ಡ ಹತ್ತಿ ಪ್ರಾಕ್ಟೀಸ್ ಮಾಡ್ತೀರಂತಲ್ಲ, ನಾನೂ ಬರ್ತೀನಿ."

ಮರುದಿನ ಮುಂಜಾನೆ ಅವಳು ಬೆನ್ನಿಗೆ ಅಕ್ಕಿ ತುಂಬಿದ ಬ್ಯಾಗ್ ಹೊತ್ತು ಸಲೀಸಾಗಿ ಹತ್ತಿದಳು. ಹರಿಹರದಲ್ಲಿ ದಿನವಿಡೀ ಹಾರ್ಡ್‌ವೇರ್ ಅಂಗಡಿಯ ಗಲ್ಲಾದಲ್ಲಿ ಕೂರುವ ಕೊಟ್ರೇಶ್ ಬರಿಗೈಯಲ್ಲೇ ಏದುಸಿರು ಬಿಟ್ಟ. ಅವನಿಗಾಗಿ ಅವಳು ನಡಿಗೆ ನಿಧಾನ ಮಾಡಿದಳು. ಅದು ಅವನಿಗೆ ಗೊತ್ತಾಯಿತು. ಗೊತ್ತಾಗಿದ್ದು ಅವಳಿಗೂ ಗೊತ್ತಾಯಿತು.

ಗುಡ್ಡದ ತುದಿಯಲ್ಲಿ ಗಾಳಿ ತಣ್ಣಗಿತ್ತು.

"ಈಗ ಹೇಳ್ರಿ."

"ಹೋಗೋದು ಬಿಡೋದು ಆಕೆಗೆ ಬಿಟ್ಟಿದ್ದು ದೊಡ್ಡಪ್ಪ, ಕಾಯೋದು ನನ್ ಕೈಯಾಗೈತೆ, ಕಾಯ್ತೀನಿ ಅಂದೆ. ಮುನಿಸಿಕೊಂಡಾರೆ. ಮಾತಿಲ್ಲ."

"ಮುನಿಸು ಇಳೀದಿದ್ರೆ?"

"ಅವರ ಕಾಲು ಹಿಡೀತೀನಿ. ನಿಮ್ಮನ್ನ ಮಾತ್ರ ಬಿಡಲ್ಲ."

ವಾಣಿಶ್ರೀ ಬ್ಯಾಗ್ ಇಳಿಸಿ ಅವನೆದುರು ನಿಂತಳು.

"ಹೆಣ್ಣು ನೋಡಕ್ಕೆ ಬಂದಾಗ ಎಲ್ರೂ ನನ್ನ ನೋಡಿದ್ರಿ, ನಿನ್ನ ಇಷ್ಟ ಏನು ಅಂತ ಯಾರೂ ಕೇಳ್ಲಿಲ್ಲ. ಈಗ ನಾನೇ ಕೇಳ್ತೀನಿ. ಕಿಲಿಮಂಜಾರೋ ಹತ್ತಿ ಬಂದ ಮ್ಯಾಲೆ ನನ್ನ ಮದುವೆ ಆಗ್ತೀರಾ?"

ಕೊಟ್ರೇಶ್ ತಲೆಯಾಡಿಸಿದ.

"ಬಾಯಿಬಿಟ್ಟು ಹೇಳ್ರಿ."

"ಆಗ್ತೀನಿ! ಸ್ವಲ್ಪ ಉಸಿರು ತಗಳಕ್ಕೆ ಬಿಡ್ರಿ."

ಅವಳು ಜೋರಾಗಿ ನಕ್ಕು ಅವನ ಕೈ ಹಿಡಿದಳು. ಇಳಿಯುವ ದಾರಿಯಲ್ಲಿ ಜಲ್ಲಿ ಜಾರುತ್ತಿತ್ತು. ಅವಳು ಮುಂದೆ, ಅವನು ಒಂದು ಹೆಜ್ಜೆ ಹಿಂದೆ. ರಸ್ತೆಗೆ ಬಂದರೂ ಕೈ ಬಿಡಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.