ಬಡಿದು ನೋಡದ ಮಡಕೆ

ನನ್ನ ಹೆಗಲ ಮೇಲಿನ ಈ ಕಂಬಳಿ ಇದೆಯಲ್ಲ, ಇದು ಸಂತೆಯ ಮಾಲಲ್ಲ. ಮಾಯಕಾರ ಧೂಮಕನ ಅಂಗಡಿಯಲ್ಲಿ ನಾನೇ ಕೈಯಾರೆ ಆರಿಸಿ ಕೊಂಡದ್ದು. ಅವತ್ತು ನನ್ನ ಜೊತೆಗೆ ಏಳು ಜನ ಇದ್ದರು. ಏಳೂ ಜನ ಮಣ್ಣು ಸೇರಿದರು. ಸುಳ್ಳು ಅನ್ನೋರು ಹೋಗಿ ಅವರನ್ನೇ ಕೇಳಿಕೊಂಡು ಬರಲಿ.

ಕೋಳಿಗೆ ಹಲ್ಲಿದ್ದ ಕಾಲ ಅದು. ಹಾಲುಬಂಡೆ ಅನ್ನೋ ರಾಜ್ಯ. ಅಲ್ಲಿ ಕುಂಬಾರರ ಕೆಂಚವ್ವ ಅಂತ ಒಬ್ಬಳಿದ್ದಳು. ಅವಳ ವ್ಯಾಪಾರಕ್ಕೆ ಒಂದೇ ಕರಾರು: ಕೊಳ್ಳುವವರು ಮಡಕೆಯನ್ನು ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು ನೋಡಬೇಕು. ಠಣ್ ಅಂದರೆ ಒಯ್ಯಬೇಕು, ಆಮೇಲೆ ಒಡೆದರೆ ಅವರ ಪಾಡು. ಬಡಿಯದೆ ಒಯ್ದರೆ ವ್ಯಾಪಾರ ಮುಗಿದಂತಲ್ಲ. ಮಡಕೆ ಎಲ್ಲೇ ಇರಲಿ, ಕೆಂಚವ್ವನದೇ. ಆ ರಾಜ್ಯದ ರಾಜನೂ ಬಡಿದೇ ಒಯ್ಯುತ್ತಿದ್ದ.

ಒಂದು ದಿನ ಧೂಮಕ ಬಂದು ಕರಿಮಡಕೆಯೊಂದನ್ನು ಎತ್ತಿಕೊಂಡ.

"ಸ್ವಾಮಿ, ಮೂರು ಸಲ ಬಡೀರಿ. ಆಮೇಲೆ ನಿಮ್ಮದು."

"ನನ್ನ ಗೆಣ್ಣಿಗೆ ಮಸಿ ಹತ್ತಿಸ್ತೀಯೇನೇ, ಕುಂಬಾರ್ತಿ?" ಅಂತ ಒಂದು ಕಾಸು ಎಸೆದು ನಡೆದ.

"ಕರಾರು ಹೇಳಿದ್ದೀನಿ, ನಿಮ್ಮಿಷ್ಟ" ಅಂದಳು. ವ್ಯಾಪಾರ ಮುಗಿಯದ ಆ ಕಾಸನ್ನು ಸೆರಗಿನ ತುದಿಗೆ ಬೇರೆಯಾಗಿ ಗಂಟು ಹಾಕಿಟ್ಟಳು.

ಮರುದಿನವೇ ಧೂಮಕ ಊರಾಚೆಯ ದೊಡ್ಡ ಬಂಡೆಯ ಬುಡದಲ್ಲಿ ಅಂಗಡಿ ತೆರೆದ. ತಾನೇ ನಡೆಯುವ ಮೆಟ್ಟು, ಬರಿದಾಗದ ತುಪ್ಪದ ಕುಡಿಕೆ, ಹೊದ್ದರೆ ಹಸಿವೆಯೇ ಆಗದ ಕಂಬಳಿ! ಬಾಗಿಲಲ್ಲಿ ಒಂದು ಕಲ್ಲು. ಕಲ್ಲಿನ ತುಂಬ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಕರಾರು. ಯಾರು ಓದುತ್ತಾರೆ? ಜನ ಮುಗಿಬಿದ್ದು ಕೊಂಡರು. ಒಂಬತ್ತನೆಯ ದಿನ ಕೊಂಡವರೆಲ್ಲ ಕೋಣಗಳಾದರು, ಧೂಮಕನ ಗಾಡಿ ಎಳೆದರು. "ಕಲ್ಲಿನಲ್ಲಿ ಬರೆದಿದೆಯಲ್ಲ" ಅಂದ ಅವನು.

ಕೆಂಚವ್ವನ ಗಂಡ ಬೋರಣ್ಣ ಮೆಟ್ಟು ಕೊಂಡಿದ್ದ. ಅವನೂ ನೊಗದಡಿ ನಿಂತು ಹೆಂಡತಿಯನ್ನು ನೋಡಿ ಕಣ್ಣೀರು ಸುರಿಸಿದ.

"ಮೆಟ್ಟು ವಾಪಸ್ ತಗೊಳ್ಳಿ, ನನ್ನ ಗಂಡನ್ನ ಕೊಡಿ."

ಧೂಮಕ ಕಲ್ಲು ನೋಡಿ ಓದಿದ: "ಕಟ್ಟಿಕೊಟ್ಟ ಎಲೆಯಲ್ಲೇ ಕಟ್ಟಿ ತರಬೇಕು."

ಆ ಮುತ್ತುಗದೆಲೆ ಕಬ್ಬಿಣದ ಕೊಂಬಿನ ಹೋತದ ಬಾಯಲ್ಲಿತ್ತು. ಕೆಂಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಉಪ್ಪಿನ ಹೆಂಟೆ ಮುಂದಿಟ್ಟಳು. ಹೋತ ಎಲೆ ಬಿಟ್ಟು ಉಪ್ಪು ನೆಕ್ಕಿತು. ಎಲೆ ತಂದಳು.

"ಕೊಂಡಾಗ ಕೊಟ್ಟ ಚೀಟಿ ತರಬೇಕು."

ಚೀಟಿ ಕೆರೆಯೊಳಗಿನ ಏಳು ಹೆಡೆಯ ಸರ್ಪದ ಸುರುಳಿಯಲ್ಲಿತ್ತು. ಕೆಂಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಏಳು ಮಡಕೆಯಲ್ಲಿ ಹಾಲಿಟ್ಟಳು. ಏಳು ಹೆಡೆಯೂ ಏಳು ಮಡಕೆಯೊಳಗೆ ಹೊಕ್ಕು ಸಿಕ್ಕಿಕೊಂಡವು. ಚೀಟಿ ತಂದಳು.

"ಕೊಂಡ ಅಂಗಡಿಗೇ ತರಬೇಕು" ಅಂದ ಧೂಮಕ. ಅಂದವನೇ ಅಂಗಡಿ, ಗಾಡಿ, ಕೋಣ ಸಮೇತ ಹಾರಿ ಏಳು ಬೆಟ್ಟದಾಚೆ ಇಳಿದ.

ಕೆಂಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಮೆಟ್ಟು ಕಂಕುಳಲ್ಲಿತ್ತು, ಮೆಟ್ಟಲಿಲ್ಲ. ಬರಿಗಾಲಲ್ಲೇ ಏಳು ಬೆಟ್ಟ ಹತ್ತಿ, ಏಳು ಬೆಟ್ಟ ಇಳಿದು, ಅಂಗಡಿಯ ಮುಂದೆ ಎಲೆಯಲ್ಲಿ ಕಟ್ಟಿದ ಮೆಟ್ಟಿನ ಗಂಟು ಇಟ್ಟಳು.

"ಎಲೆ, ಚೀಟಿ, ಅಂಗಡಿ. ಎಲ್ಲ ಆಯ್ತು. ಬಿಡಿ ನನ್ನ ಗಂಡನ್ನ."

"ತಾಳು, ನಾಲ್ಕನೆಯದೊಂದಿದೆ" ಅಂತ ಧೂಮಕ ಕಲ್ಲಿನತ್ತ ತಿರುಗಿದ.

ಕೆಂಚವ್ವನೂ ಕಲ್ಲನ್ನು ನೋಡಿದಳು. ಓದು ಬಂದವರಿಗೆ ಅಲ್ಲಿ ಅಕ್ಷರ ಕಾಣುತ್ತಿತ್ತು. ಓದು ಬಾರದ ಅವಳಿಗೆ ಇರುವೆ ಕಂಡವು! ಕಪ್ಪು ಇರುವೆಗಳು ಸಾಲುಗಟ್ಟಿ ಕಲ್ಲು ಹತ್ತಿ, ಬೇಕಾದ ಹಾಗೆ ಕೂತು ಹೊಸ ಕರಾರಾಗುತ್ತಿದ್ದವು. ಸಾಲು ಹಿಡಿದು ಹೋದಳು. ಅಂಗಡಿಯ ಮೂಲೆಯಲ್ಲಿ ಒಂದು ಕರಿಮಡಕೆ, ಇರುವೆಗಳೆಲ್ಲ ಅದರೊಳಗಿಂದಲೇ.

"ಏಯ್! ನನ್ನ ಮಡಕೆ ಮುಟ್ಟಬೇಡ!"

"ಬಡಿದಿದ್ರಾ, ಸ್ವಾಮಿ?"

ಕೋಣಗಳು ಕಿವಿ ನಿಮಿರಿಸಿದವು. ಧೂಮಕನ ಮುಖ ಬೂದಿಯಾಯಿತು. ಒಂದೇ ನೆಗೆತಕ್ಕೆ ಬಂದು ಗೆಣ್ಣು ಮಡಚಿ ಬಡಿದ. ಠಣ್! ಒಂದು. ಠಣ್! ಎರಡು. ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಕೆಂಚವ್ವ ಮಡಕೆಯನ್ನು ತಲೆಯ ಮೇಲಕ್ಕೆ ಎತ್ತಿದ್ದಳು.

"ಮೂರು ಆಗಲಿಲ್ಲ. ಮಡಕೆ ನನ್ನದು. ತಗೊಳ್ಳಿ ನಿಮ್ಮ ಕಾಸು!"

ಸೆರಗಿನ ಗಂಟು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಕಾಸು ಅವನ ಕಾಲ ಬಳಿ ಬಿತ್ತು. ಮಡಕೆ ಕಲ್ಲಿನ ಮೇಲೆ ಬಿದ್ದು ನೂರು ಚೂರಾಯಿತು. ಇರುವೆಗಳು ಹುತ್ತದ ದಾರಿ ಹಿಡಿದವು, ಕಲ್ಲು ಬೋಳಾಯಿತು. ಧೂಮಕ ಕುಗ್ಗಿ ಕುಗ್ಗಿ ಇರುವೆಯಾಗಿ ಸಾಲಿನ ಕೊನೆಗೆ ಸೇರಿಕೊಂಡ. ಕೋಣಗಳೆಲ್ಲ ಮನುಷ್ಯರಾಗಿ ಸೊಂಟ ಹಿಡಿದು ಎದ್ದರು.

"ಮೆಟ್ಟು ಎಲ್ಲೇ?" ಅಂದ ಬೋರಣ್ಣ.

"ಬರಿಗಾಲಲ್ಲಿ ನಡೀರಿ, ಬುದ್ಧಿ ಬರಲಿ" ಅಂದಳು ಕೆಂಚವ್ವ.

ಆವತ್ತಿನಿಂದ ಹಾಲುಬಂಡೆಯಲ್ಲಿ ಯಾವ ಅಂಗಡಿಯವನೂ ಕರಾರನ್ನು ಬಾಯಿಬಿಟ್ಟು ಕೂಗದೆ ಮಾಲು ಮಾರಲಿಲ್ಲ. ಕೊಂಡವರೂ ಸುಖವಾಗಿದ್ದರು, ಮಾರಿದವರೂ ಸುಖವಾಗಿದ್ದರು.

"ತಾತ," ಅಂದಳು ಮೊಮ್ಮಗಳು ಸಾವಂತ್ರಿ, ಅಕ್ಕಿ ಆರಿಸುವುದನ್ನು ನಿಲ್ಲಿಸಿ. "ಆ ಅಂಗಡೀಲಿ ಕೊಂಡವರೆಲ್ಲ ಕೋಣ ಆದರು ಅಂದೆ. ಕಂಬಳಿ ಅಲ್ಲೇ ಕೊಂಡೆ ಅಂತಲೂ ಅಂದೆ."

ನಾನು ಹೆಗಲು ಕುಣಿಸಿದೆ. ಕಂಬಳಿ ಜಾರಿತು, ಮತ್ತೆ ಹೊದ್ದುಕೊಂಡೆ.

"ಹೂಂ ಕಣವ್ವ. ಎಡಗಡೆ ನೊಗ ನಂದೇ."